ಊರಿನ ಸೊಪ್ಪಿಗೂ ಹಕ್ಕಿಗೂ ಒಂದು ಪಹಣಿ: ಜೀವವೈವಿಧ್ಯ ದಾಖಲೆ ಬರೆಯೋಕೆ ಹುಡುಗರೇ ಯಾಕೆ ಬೇಕು?

ಗ್ರಾಮ ಪಂಚಾಯಿತಿ ಆಫೀಸಿಗೆ ನಾವು ಹೋಗುವುದು ಸಾಮಾನ್ಯವಾಗಿ ಮೂರು ನಾಲ್ಕು ಕೆಲಸಕ್ಕೆ. ಮನೆ ಕಂದಾಯ, ಇ-ಸ್ವತ್ತು, ನರೇಗಾ ಜಾಬ್ ಕಾರ್ಡು. ಇಲ್ಲವಾದರೆ ನಲ್ಲಿಯಲ್ಲಿ ನೀರು ಬರಲಿಲ್ಲ ಅಂತ ಒಂದು ಜಗಳ. ಅಲ್ಲಿನ ಕಬ್ಬಿಣದ ಬೀರುವಿನಲ್ಲಿ ಇನ್ನೊಂದು ದಾಖಲೆಯೂ ಇರಬೇಕು. ಅದನ್ನು ಕೇಳಿದವರನ್ನು ನಾನಂತೂ ಹೆಚ್ಚು ನೋಡಿಲ್ಲ. ಅದರ ಹೆಸರು ಜನತಾ ಜೀವವೈವಿಧ್ಯ ದಾಖಲೆ. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಎಲ್ಲರೂ ಪಿಬಿಆರ್ ಅನ್ನುತ್ತಾರೆ.

ಈಗ ಈ ಮಾತು ಮನೆಯೊಳಗೇ ಬರುತ್ತಿದೆ. ಇಕೋ ಕ್ಲಬ್ಬಿನ ಪ್ರಾಜೆಕ್ಟು, ಎನ್‌ಎಸ್‌ಎಸ್ ಕ್ಯಾಂಪು, ಮೇ 22ರ ಜೀವವೈವಿಧ್ಯ ದಿನ ಹೀಗೆ ಏನೋ ಒಂದು ನೆಪದಲ್ಲಿ "ನಿಮ್ಮೂರಿನ ಜೀವವೈವಿಧ್ಯ ಪಟ್ಟಿ ಮಾಡಿ" ಎಂದು ಮಕ್ಕಳಿಗೆ ಕೆಲಸ ಕೊಡುತ್ತಾರೆ. ಮಗಳು ಬಂದು "ಅಮ್ಮ, ನಮ್ಮೂರಲ್ಲಿ ಎಷ್ಟು ತರದ ಸೊಪ್ಪಿದೆ?" ಅಂತ ಕೇಳುತ್ತಾಳೆ. ಅಮ್ಮ ಅಂಗಡಿಯಲ್ಲಿ ಸಿಗುವ ನಾಲ್ಕು ಸೊಪ್ಪಿನ ಹೆಸರು ಹೇಳಿ ಸುಮ್ಮನಾಗುತ್ತಾಳೆ. ಹಾಗಾದರೆ ಈ ಪಟ್ಟಿ ಯಾಕೆ, ಯಾರಿಗೆ? ಮೊದಲಿಂದ ನೋಡೋಣ.

ಜೀವವೈವಿಧ್ಯ ಅಂದರೆ ಹುಲಿ, ಆನೆ ಮಾತ್ರವಾ?

ಈ ಪದ ಕೇಳಿದರೆ ಬಂಡೀಪುರದ ಹುಲಿ ಕಣ್ಣಮುಂದೆ ಬರುತ್ತದೆ. ಅದೂ ಸೇರಿದೆ, ಸರಿ. ಆದರೆ ಹಿತ್ತಲಿನ ನುಗ್ಗೆ, ಕೆರೆಯ ಮೀನು, ಹೊಲದ ಬದುವಿನ ಕಳೆ, ಕೊಟ್ಟಿಗೆಯ ಹಳ್ಳಿಕಾರ್ ಎತ್ತು, ಎರೆಹುಳು ಎಲ್ಲವೂ ಇದರಲ್ಲಿ ಬರುತ್ತವೆ.

ವಿಜ್ಞಾನಿಗಳು ಇದನ್ನು ಮೂರು ಮಟ್ಟದಲ್ಲಿ ನೋಡುತ್ತಾರೆ. ಮೊದಲನೆಯದು ಒಂದೇ ಜಾತಿಯೊಳಗಿನ ತಳಿಗಳು. ಭತ್ತ ಒಂದೇ ಜಾತಿ. ಆದರೆ ರಾಜಮುಡಿ ಬೇರೆ, ರತ್ನಚೂಡಿ ಬೇರೆ, ಅಘನಾಶಿನಿ ದಡದ ಉಪ್ಪುನೀರಿನ ಗದ್ದೆಯಲ್ಲೂ ಬೆಳೆಯುವ ಕಗ್ಗ ಬೇರೆ. ಎರಡನೆಯದು ಬೇರೆ ಬೇರೆ ಜಾತಿಗಳು: ಬೇವು, ಹೊಂಗೆ, ಕೊಕ್ಕರೆ, ಕಪ್ಪೆ. ಮೂರನೆಯದು ಇವೆಲ್ಲ ಬದುಕುವ ಜಾಗಗಳು: ಕೆರೆ, ಗೋಮಾಳ, ಗುಂಡುತೋಪು, ಕಲ್ಲುಗುಡ್ಡ.

ತಳಿ ಹಲವು ಇರಬೇಕು ಅಂತ ಯಾಕೆ ಅಷ್ಟು ಹೇಳುತ್ತಾರೆ? ನಂಜನಗೂಡು ರಸಬಾಳೆಯನ್ನೇ ನೋಡಿ. ಬಾಳೆಯನ್ನು ನಾವು ಬೀಜದಿಂದ ಬೆಳೆಯುವುದಿಲ್ಲ, ಕಂದು ಕಿತ್ತು ನೆಡುತ್ತೇವೆ. ಅಂದರೆ ತೋಟದ ಎಲ್ಲ ಗಿಡವೂ ಹೆಚ್ಚುಕಡಿಮೆ ಒಂದೇ ಗಿಡದ ನಕಲು. ಮಣ್ಣಿನಲ್ಲಿರುವ ಒಂದು ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ಈ ಬಾಳೆಗೆ ತಗುಲಿತು. ಒಂದು ಗಿಡವನ್ನು ಮಲಗಿಸಿದ ರೋಗ ಮಿಕ್ಕವನ್ನೂ ಮಲಗಿಸಿತು. ಬೀದಿಯ ಎಲ್ಲ ಮನೆಗೂ ಒಂದೇ ಬೀಗದ ಕೈ ಇದ್ದರೆ ಕಳ್ಳನಿಗೆ ಒಂದು ಕೈ ಸಿಕ್ಕರೆ ಸಾಕು, ಅಲ್ವಾ? ತಳಿ ಹಲವಿದ್ದರೆ ಬೀಗಗಳೂ ಹಲವು.

ಕಾನೂನಿನಲ್ಲಿ ಏನಿದೆ?

2002ರಲ್ಲಿ ಸಂಸತ್ತು ಜೀವವೈವಿಧ್ಯ ಕಾಯ್ದೆ ಮಾಡಿತು. ಅದರ ಪ್ರಕಾರ ಮೂರು ಹಂತದ ವ್ಯವಸ್ಥೆ ಇದೆ. ದೇಶಕ್ಕೆ ಚೆನ್ನೈನಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ. ರಾಜ್ಯಕ್ಕೆ ಬೆಂಗಳೂರಿನಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿ. ಊರಿಗೆ, ಅಂದರೆ ಪಂಚಾಯಿತಿ, ಪುರಸಭೆಗಳಿಗೆ, ಜೀವವೈವಿಧ್ಯ ನಿರ್ವಹಣಾ ಸಮಿತಿ. ಇದನ್ನು ಬಿಎಂಸಿ ಅನ್ನುತ್ತಾರೆ. ಬೆಂಗಳೂರಿನ ಮೆಡಿಕಲ್ ಕಾಲೇಜು ಅಂದುಕೊಳ್ಳಬೇಡಿ.

2004ರ ನಿಯಮಗಳಲ್ಲಿ ಈ ಸಮಿತಿಗೆ ಒಬ್ಬ ಅಧ್ಯಕ್ಷರು, ಪಂಚಾಯಿತಿ ನೇಮಿಸುವ ಆರು ಜನರ ತನಕ ಸದಸ್ಯರು ಅಂತ ಇತ್ತು. ಆ ಆರರಲ್ಲಿ ಮೂರನೇ ಒಂದು ಪಾಲು ಹೆಂಗಸರು, ಶೇ. 18ರಷ್ಟು ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇರಬೇಕಿತ್ತು. ಸಮಿತಿಯ ಮುಖ್ಯ ಕೆಲಸ ಒಂದೇ: ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲೆ ಬರೆಯುವುದು, ಕಾಲಕಾಲಕ್ಕೆ ತಿದ್ದಿ ಇಟ್ಟುಕೊಳ್ಳುವುದು.

ಪಹಣಿ ಗೊತ್ತಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜಮೀನು ಎಷ್ಟಿದೆ, ಏನು ಬೆಳೆದಿದೆ, ನೀರು ಎಲ್ಲಿಂದ ಅಂತ ಪಹಣಿ ಹೇಳುತ್ತದೆ. ಹಾಗೆಯೇ ಊರಿನಲ್ಲಿ ಯಾವ ಬೆಳೆ, ಯಾವ ಮರ, ಯಾವ ಮೇವು, ಯಾವ ಮೀನು, ಯಾವ ಔಷಧಿ ಗಿಡ, ಅದನ್ನು ಜನ ಹೇಗೆ ಬಳಸುತ್ತಾರೆ, ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಈ ದಾಖಲೆ ಹೇಳಬೇಕು. ಕಳೆಗೆ ಒಂದು ನಮೂನೆ, ಪೀಡೆ ಹುಳುಗಳಿಗೆ ಒಂದು, ದನದ ಸಂತೆಗೂ ಒಂದು ನಮೂನೆ ಇದೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಪಹಣಿಯಲ್ಲಿ ಮಾಲೀಕರ ಹೆಸರಿರುತ್ತದೆ. ಈ ದಾಖಲೆ ಯಾರಿಗೂ ಯಾವುದರ ಮಾಲೀಕತ್ವವನ್ನೂ ಕೊಡುವುದಿಲ್ಲ.

ಸಮಿತಿಗೆ ಸಣ್ಣದೊಂದು ಅಧಿಕಾರವೂ ಇದೆ. ಊರಿನ ಸರಹದ್ದಿನಿಂದ ವ್ಯಾಪಾರಕ್ಕೆಂದು ಗಿಡಮೂಲಿಕೆಯಂಥದ್ದನ್ನು ಒಯ್ಯುವವರಿಂದ ಅದು ಶುಲ್ಕ ಕೇಳಬಹುದು. ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಜೈಲು ಶಿಕ್ಷೆಯ ಬದಲು ದಂಡ ಬಂತು. ಆಯುಷ್ ವೈದ್ಯರಿಗೆ ಕೆಲವು ವಿನಾಯಿತಿ ಸಿಕ್ಕವು. ಊರಿನ ಸಮಿತಿ, ಊರಿನ ದಾಖಲೆ ಎರಡೂ ಉಳಿದಿವೆ.

ಬರೆದಿಡದಿದ್ದರೆ ಏನಾಗುತ್ತದೆ?

ಗಾಯಕ್ಕೆ ಅರಿಶಿನ ಹಚ್ಚುವುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಇದರ ಮೇಲೆಯೇ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಅಂದರೆ "ಇದು ನಾನು ಹೊಸದಾಗಿ ಕಂಡುಹಿಡಿದದ್ದು, ಇಂತಿಷ್ಟು ವರ್ಷ ನನ್ನ ಒಪ್ಪಿಗೆ ಇಲ್ಲದೆ ಬೇರೆಯವರು ಇದರಿಂದ ದುಡಿಯುವಂತಿಲ್ಲ" ಎನ್ನುವ ಹಕ್ಕು.

ಭಾರತದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಇದನ್ನು ಪ್ರಶ್ನಿಸಿತು. ಆದರೆ "ನಮ್ಮಜ್ಜಿ ಹಚ್ಚುತ್ತಿದ್ದಳು" ಅಂದರೆ ಪೇಟೆಂಟ್ ಕಚೇರಿ ಕೇಳುವುದಿಲ್ಲ. ಅದಕ್ಕೆ ಬರಹದ ಸಾಕ್ಷಿ ಬೇಕು. ಹಳೆಯ ಗ್ರಂಥಗಳು, ವೈದ್ಯಕೀಯ ಪತ್ರಿಕೆಗಳು ಅಂತ 32 ಆಧಾರ ಹುಡುಕಿ ಕೊಟ್ಟ ಮೇಲೆ, 1997ರಲ್ಲಿ ಪೇಟೆಂಟ್ ರದ್ದಾಯಿತು. ಅರಿಶಿನಕ್ಕೆ ಗ್ರಂಥದ ಆಧಾರ ಸಿಕ್ಕಿತು. ನಿಮ್ಮೂರಿನ ಗುಡ್ಡದ ಯಾವುದೋ ಬೇರಿಗೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಇನ್ನೊಂದು ಕಾರಣ ಇನ್ನೂ ಸರಳ. ಏನಿತ್ತು ಅಂತಲೇ ಗೊತ್ತಿಲ್ಲದಿದ್ದರೆ ಏನು ಹೋಯಿತು ಅಂತ ಹೇಗೆ ಹೇಳುವುದು? ಕೆರೆ ಅಂಗಳದಲ್ಲಿ ಮಣ್ಣು ತೆಗೆಯೋಕೆ, ಗೋಮಾಳದಲ್ಲಿ ಶೆಡ್ಡು ಕಟ್ಟೋಕೆ ಅರ್ಜಿ ಬಂದಾಗ, "ಇಲ್ಲಿ ಇಂಥ ಹಕ್ಕಿ ಮೊಟ್ಟೆ ಇಡುತ್ತದೆ" ಎನ್ನುವ ಒಂದು ಪುಟ ದಾಖಲೆಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ದಾಖಲೆ ಬೀರು ಸೇರಿದ್ದು ಹೇಗೆ?

ಈ ದಾಖಲೆಯ ಯೋಚನೆಗೆ ಕಾನೂನಿಗಿಂತ ವಯಸ್ಸು ಜಾಸ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಜೊತೆಗಾರರು 1990ರ ದಶಕದಲ್ಲೇ ಇದನ್ನು ಹಳ್ಳಿಗಳಲ್ಲಿ ಮಾಡಿ ನೋಡಿದ್ದರು. ಆಗ ಕೆಲಸಕ್ಕೆ ಇಳಿದವರಲ್ಲಿ ಕಾಲೇಜು ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದ್ದರು. ಅಂದರೆ ಹುಡುಗರು ಇದಕ್ಕೆ ಆಮೇಲೆ ಸೇರಿಕೊಂಡವರಲ್ಲ, ಶುರುವಿನಿಂದಲೇ ಇದ್ದವರು.

ಕಾನೂನು ಬಂದ ಮೇಲೆ ಎಷ್ಟೋ ವರ್ಷ ಬಹುತೇಕ ಪಂಚಾಯಿತಿಗಳಲ್ಲಿ ಏನೂ ಆಗಲಿಲ್ಲ. ವಿಷಯ ಪರಿಸರದ ಮೊಕದ್ದಮೆ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2020ರ ಜನವರಿ 31ರೊಳಗೆ ಎಲ್ಲ ಕಡೆ ಸಮಿತಿ, ದಾಖಲೆ ಎರಡೂ ಆಗಬೇಕು, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ಅದು ಹೇಳಿತು. ಆಮೇಲೆ ಕೆಲಸ ಓಡಿತು. ಈಗ ದೇಶದಲ್ಲಿ 2.5 ಲಕ್ಷಕ್ಕೂ ಹೆಚ್ಚು ಸಮಿತಿಗಳಿವೆ.

ಓಡಿದ ಕೆಲಸ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ನಾನು ನಮ್ಮ ಕಡೆಯ ಒಂದು ದಾಖಲೆ ತೆರೆದು ನೋಡಿದೆ, ಊರಿನ ಹೆಸರು ಬೇಡ. ಕೆರೆಗಳ ಪುಟದಲ್ಲಿ ಎರಡು ಕೆರೆಗಳ ಹೆಸರಿತ್ತು. ನಾನು ಈಜು ಕಲಿತ ಕಟ್ಟೆ ಅದರಲ್ಲಿ ಇರಲೇ ಇಲ್ಲ. ಹಕ್ಕಿಗಳ ಪುಟದಲ್ಲಿ ಕಾಗೆ, ಗುಬ್ಬಿ, ಪಾರಿವಾಳ ಸೇರಿ ಹನ್ನೊಂದು ಹೆಸರು. ಆ ಹನ್ನೊಂದು ಹಕ್ಕಿಯನ್ನು ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ನೋಡಬಹುದು. ಬರೆದವರು ಮೋಸ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಸಿಕ್ಕ ದಿನಗಳು ಕಡಿಮೆ. ಊರು ಸುತ್ತಿ ಕೇಳುವವರೂ ಇರಲಿಲ್ಲ.

ಒಂದು ಬುಟ್ಟಿ ಬೆರಕೆ ಸೊಪ್ಪು, ಒಂದು ಮೊಬೈಲು

ಹುಡುಗರು ಯಾಕೆ ಬೇಕು ಅನ್ನುವುದು ನನಗೆ ಅರ್ಥವಾದದ್ದು ಒಂದು ಮಳೆಗಾಲದಲ್ಲಿ, ನಮ್ಮದೇ ರಾಗಿ ಹೊಲದಲ್ಲಿ.

ಪಿಯುಸಿ ಓದುವ ಅಣ್ಣನ ಮಗಳಿಗೆ ಕಾಲೇಜಿನಲ್ಲಿ ಈ ಪಟ್ಟಿಯ ಕೆಲಸ ಕೊಟ್ಟಿದ್ದರು. ನಮ್ಮಮ್ಮ, ಅಂದರೆ ಅವಳ ಅಜ್ಜಿ, ಬಸ್ಸಾರಿಗೆ ಬೆರಕೆ ಸೊಪ್ಪು ಕೀಳೋಕೆ ಹೊರಟಿದ್ದರು. ಇವಳು ಮೊಬೈಲು ಹಿಡಿದು ಹಿಂದೆ ಹೋದಳು. ಮೊದಲು ಸಿಕ್ಕಿದ್ದು ರಾಗಿ ಸಾಲಿನ ನಡುವೆ ಎದ್ದಿದ್ದ ಒಂದು ಗಿಡ. ಫೋಟೋ ತೆಗೆದಳು. ಆ್ಯಪು ಎರಡು ಸೆಕೆಂಡಿನಲ್ಲಿ ಸಿಲೋಸಿಯಾ ಅರ್ಜೆಂಟಿಯಾ ಅಂದಿತು.

"ಅಜ್ಜಿ, ಇದು ಸಿಲೋಸಿಯಾ ಅಂತೆ."

"ಅಣ್ಣೆ ಸೊಪ್ಪು ಕಣೇ. ಕುಡಿ ಮಾತ್ರ ಚಿವುಟು. ಹೂ ತೆನೆ ಬಂದಿದ್ದನ್ನ ಬಿಡು, ನಾರು ನಾರಾಗಿರುತ್ತೆ."

ಆಮೇಲೆ ಹೊನಗನ್ನೆ, ಗೋಣಿ ಸೊಪ್ಪು, ಗಣಿಕೆ. ಗಣಿಕೆಯ ಹತ್ತಿರ ಅಮ್ಮ ನಿಂತು, ಕಪ್ಪಗೆ ಮಾಗಿದ ಹಣ್ಣು ತಿನ್ನಬಹುದು, ಹಸಿರು ಕಾಯಿ ಬಾಯಿಗೆ ಹಾಕಬೇಡ ಅಂದರು. ಪಕ್ಕದ ಹೊಲಕ್ಕೆ ಕೈ ತೋರಿಸಿ, ಅಲ್ಲಿಗೆ ಹೋಗಬೇಡ, ಕಳೆ ಸಾಯೋ ಔಷಧಿ ಹೊಡೆದಿದ್ದಾರೆ ಅಂದರು. ಒಂದು ಸೊಪ್ಪಿನ ಹೆಸರು ಹೇಳಿ ಬದುವಿನ ಉದ್ದಕ್ಕೂ ಹುಡುಕಿದರು. ಸಿಗಲಿಲ್ಲ. "ನಿಮ್ಮಪ್ಪ ಚಿಕ್ಕವನಿದ್ದಾಗ ಇಲ್ಲೆಲ್ಲ ಇತ್ತು" ಅಂತ ಮೊಮ್ಮಗಳಿಗೆ ಹೇಳಿದರು.

ಒಂದು ಗಂಟೆಯಲ್ಲಿ ಹದಿನಾಲ್ಕು ಸೊಪ್ಪು ಬುಟ್ಟಿಗೂ ನೋಟ್‌ಬುಕ್ಕಿಗೂ ಬಂದವು. ದಾಖಲೆಯ ನಮೂನೆಯಲ್ಲಿ ಕೇಳುವುದೂ ಇದನ್ನೇ: ಸ್ಥಳೀಯ ಹೆಸರು, ವೈಜ್ಞಾನಿಕ ಹೆಸರು, ಯಾವ ಭಾಗ, ಯಾವ ಕಾಲ, ಏನು ಉಪಯೋಗ, ಮೊದಲು ಹೇಗಿತ್ತು, ಈಗ ಹೇಗಿದೆ. ಇದರಲ್ಲಿ ವೈಜ್ಞಾನಿಕ ಹೆಸರನ್ನು ಫೋನು ತುಂಬಿತು. ಉಳಿದ ಕಲಂಗಳನ್ನೆಲ್ಲ ಅಜ್ಜಿ ತುಂಬಿದರು. ಅಜ್ಜಿಗೆ ನಮೂನೆ ಓದೋಕೆ ಬರುವುದಿಲ್ಲ. ಮೊಮ್ಮಗಳಿಗೆ ಅಣ್ಣೆ ಸೊಪ್ಪು ಗೊತ್ತಿರಲಿಲ್ಲ. ನಡುವಿನ ತಲೆಮಾರಿನ ನಾನು ಬದುವಿನ ಮೇಲೆ ಕೂತು ನೋಡುತ್ತಿದ್ದೆ. ನನಗೆ ಎರಡೂ ಸರಿಯಾಗಿ ಬರುವುದಿಲ್ಲ.

ಗೊತ್ತಿರುವವರು ಎಪ್ಪತ್ತು ದಾಟಿದ್ದಾರೆ. ಬರೆಯಬಲ್ಲವರು, ಗುಡ್ಡ ಹತ್ತಬಲ್ಲವರು, ರಜೆ ಇರುವವರು ಇಪ್ಪತ್ತು ದಾಟಿಲ್ಲ. ಯುವಜನರನ್ನು ಸೇರಿಸಿಕೊಳ್ಳಿ ಅನ್ನುವುದರ ಹಿಂದಿನ ಲೆಕ್ಕ ಇಷ್ಟೇ. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳೆಲ್ಲ ಒಪ್ಪಿದ ಜೀವವೈವಿಧ್ಯ ಗುರಿಗಳಲ್ಲೂ ಇದು ಬಂದಿದೆ. 22ನೇ ಗುರಿಯಲ್ಲಿ ತೀರ್ಮಾನ ತೆಗೆದುಕೊಳ್ಳುವಾಗ ಸ್ಥಳೀಯ ಜನ, ಹೆಂಗಸರು, ಮಕ್ಕಳು, ಯುವಜನರ ಪಾಲು ಇರಬೇಕು ಎಂದಿದೆ.

ಹಕ್ಕಿ ಎಣಿಸಿದರೆ ಏನು ಗೊತ್ತಾಗುತ್ತದೆ?

ಕಾಲೇಜು ಹುಡುಗರು ಬರೆದದ್ದನ್ನು ವಿಜ್ಞಾನ ಅಂತ ಒಪ್ಪುತ್ತಾರಾ? ಒಪ್ಪುತ್ತಾರೆ, ಕ್ರಮವಾಗಿ ಬರೆದರೆ. ಇದಕ್ಕೆ ನಾಗರಿಕ ವಿಜ್ಞಾನ ಅನ್ನುತ್ತಾರೆ. ಹವಾಮಾನ ಇಲಾಖೆಗೆ ಒಂದೇ ಕಡೆ ಮಳೆ ಅಳೆದರೆ ಸಾಲದು, ಊರೂರಿನ ಲೆಕ್ಕ ಬೇಕು. ಇಲ್ಲೂ ಹಾಗೆಯೇ. ಪ್ರತಿ ಊರಿಗೂ ಒಬ್ಬ ವಿಜ್ಞಾನಿಯನ್ನು ಕಳಿಸೋಕೆ ಆಗುವುದಿಲ್ಲ. ಊರಿನಲ್ಲಿ ಇರುವವರೇ ನೋಡಿ ಬರೆದರೆ ಆಗುತ್ತದೆ.

ಇಬರ್ಡ್ ಎಂಬ ಜಾಲತಾಣದಲ್ಲಿ ಹಕ್ಕಿ ನೋಡುವವರು ತಾವು ಕಂಡ ಪಟ್ಟಿ ಹಾಕುತ್ತಾರೆ. ಎಲ್ಲಿ, ಯಾವಾಗ, ಎಷ್ಟು ಹೊತ್ತು, ಯಾವ ಹಕ್ಕಿ, ಎಷ್ಟು. ಹೀಗೆ ಸುಮಾರು 30 ಸಾವಿರ ಜನ ಹಾಕಿದ 3 ಕೋಟಿ ದಾಖಲೆಗಳನ್ನು ಸೇರಿಸಿ 2023ರಲ್ಲಿ ಭಾರತದ 942 ಜಾತಿಯ ಹಕ್ಕಿಗಳ ಸ್ಥಿತಿಗತಿಯ ವರದಿ ಮಾಡಿದರು. ಇದೇ ಸರಣಿಯ 2020ರ ವರದಿ ಗುಬ್ಬಚ್ಚಿಯ ಬಗ್ಗೆ ಒಂದು ಸ್ವಾರಸ್ಯದ ಮಾತು ಹೇಳಿತ್ತು. ಗುಬ್ಬಚ್ಚಿ ನಾಶವಾಗುತ್ತಿದೆ ಅಂತ ನಾವೆಲ್ಲ ನಂಬಿದ್ದೇವೆ. ದೊಡ್ಡ ನಗರಗಳಲ್ಲಿ ಅದು ಕಡಿಮೆಯಾಗಿದೆ, ನಿಜ. ಒಟ್ಟು ದೇಶದಲ್ಲಿ ನೋಡಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಎಣಿಸದೆ ಇದ್ದಿದ್ದರೆ ಈ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ನವಿಲು ಜಾಸ್ತಿಯಾಗಿದೆ ಅಂತಲೂ ಲೆಕ್ಕ ಹೇಳಿತು. ಅದನ್ನು ನಮ್ಮ ಕಡೆಯ ಶೇಂಗಾ ಬೆಳೆಗಾರರು ಮೊದಲೇ ಹೇಳಿದ್ದರು ಬಿಡಿ.

ಶುರು ಮಾಡುವವರಿಗೆ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಗಣತಿ ಒಳ್ಳೆಯದು. ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿ ಎಣಿಸಿದರೆ ಸಾಕು. ಇದರಲ್ಲಿ ಭಾರತ 2013ರಿಂದ ಭಾಗವಹಿಸುತ್ತಿದೆ. ಹಕ್ಕಿ ಗುರುತು ಹಿಡಿಯೋಕೆ ಬರದಿದ್ದರೆ ಮರ ಹಿಡಿಯಿರಿ, ಅದು ಹಾರಿ ಹೋಗುವುದಿಲ್ಲ. ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳು ಒಂದು ಮರವನ್ನು ಆಯ್ದುಕೊಂಡು ವಾರಕ್ಕೊಮ್ಮೆ ನೋಡುತ್ತಾರೆ. ಚಿಗುರು ಇದೆಯಾ, ಹೂ ಇದೆಯಾ, ಕಾಯಿ ಇದೆಯಾ ಅಂತ ಬರೆಯುತ್ತಾರೆ. ನಾಲ್ಕೈದು ವರ್ಷದ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಮಾವು ಯಾವ ವರ್ಷ ಬೇಗ ಹೂ ಬಿಟ್ಟಿತು, ಯಾವ ವರ್ಷ ತಡ ಮಾಡಿತು ಅನ್ನುವುದು ಕಾಣುತ್ತದೆ.

ಕೊಕ್ಕರೆ ಬೆಳ್ಳೂರಿನ ಹುಡುಗರು ಮಾಡಿದ್ದು

ಬರೆಯುವುದು ಒಂದಾಯಿತು. ಕಾಪಾಡುವುದು ಅಂದರೆ ಏನು? ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಚಳಿಗಾಲ ಶುರುವಾದ ಮೇಲೆ ಹೋಗಬೇಕು. ಶಿಂಷಾ ನದಿಯಿಂದ ದೂರವಿಲ್ಲದ ಈ ಊರಿನಲ್ಲಿ ಮನೆ ಪಕ್ಕದ ಹುಣಸೆ, ಆಲ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹೆಜ್ಜಾರ್ಲೆ ಅಂದರೆ ಕೊಕ್ಕಿನ ಕೆಳಗೆ ಚೀಲ ಇರುವ ದೊಡ್ಡ ಹಕ್ಕಿ, ಪೆಲಿಕನ್. ಕೆಳಗೆ ಹಸು ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಮೇಲೆ ಇವುಗಳ ಸಂಸಾರ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಇವನ್ನು ಕರೆಯುತ್ತಾರೆ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರ.

ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ 1976ರಲ್ಲಿ ಈ ಜಾಗವನ್ನು ಗುರುತಿಸಿ ಬರೆದ ಮೇಲೆ ಹೊರಗಿನವರಿಗೆ ಇದು ಗೊತ್ತಾಯಿತು. ಗೂಡಿರುವ ಮರದ ಹುಣಸೆ ಇಳಿಸುವಂತಿಲ್ಲ. ಹಾಗಾಗಿ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂತು. ಪ್ರೀತಿ ಎಷ್ಟಿದ್ದರೂ ಹುಣಸೆಹಣ್ಣಿನ ದುಡ್ಡು ದುಡ್ಡೇ ಅಲ್ವಾ?

ಇನ್ನೊಂದು ತೊಂದರೆ ಇತ್ತು. ಮರಿಗಳು ಗೂಡಿನಿಂದ ಕೆಳಗೆ ಬೀಳುತ್ತವೆ. ಬಿದ್ದ ಮರಿಯನ್ನು ತಾಯಿ ಮತ್ತೆ ಮೇಲಕ್ಕೆ ಎತ್ತಿಕೊಳ್ಳುವುದಿಲ್ಲ. ನಾಯಿ ಹಿಡಿಯುತ್ತದೆ, ಇಲ್ಲ ಹಸಿವಿನಿಂದ ಸಾಯುತ್ತದೆ. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಬೆಂಬಲದಿಂದ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಎಂಬ ಗುಂಪು ಕಟ್ಟಿಕೊಂಡರು. ಬಿದ್ದ ಮರಿಗಳನ್ನು ತಂದು ಬೇಲಿ ಹಾಕಿದ ಆವರಣದಲ್ಲಿ ಇಟ್ಟರು. ಮೀನು ತಂದು ತಿನ್ನಿಸಿದರು. ಹೆಜ್ಜಾರ್ಲೆ ಮರಿಯ ಹಸಿವು ಸಣ್ಣದಲ್ಲ. ದಿನವೂ ಮೀನು ಬೇಕು, ಅದಕ್ಕೆ ದುಡ್ಡು ಬೇಕು, ಬೆಳಿಗ್ಗೆ ಬೇಗ ಏಳುವವರೂ ಬೇಕು. ರೆಕ್ಕೆ ಬಲಿತ ಮೇಲೆ ಮರಿಗಳನ್ನು ಬಿಟ್ಟರು. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಸಮುದಾಯ ಮೀಸಲು ಅಂದರೆ ಜನರನ್ನು ಎಬ್ಬಿಸದೆ, ಅವರ ಜಮೀನು ಅವರದ್ದೇ ಆಗಿರುವಾಗಲೇ ಕಾಪಾಡುವ ಜಾಗ.

ಅಲ್ಲಿಗೆ ಎಲ್ಲ ಸರಿಹೋಯಿತು ಅನ್ನುವ ಹಾಗಿಲ್ಲ. 2017ರ ಕೊನೆಯಿಂದ 2018ರವರೆಗೆ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಸಿಕ್ಕವು. ಇಂಥ ಹುಳುಗಳು ಹಕ್ಕಿಗೆ ಬರುವುದು ತಿನ್ನುವ ಮೀನಿನಿಂದ. ಅಂದರೆ ಮರ ಉಳಿಸಿ, ಮರಿ ಸಾಕಿದರೂ ಸಾಲದು, ಹಕ್ಕಿ ಮೇಯುವ ಕೆರೆಗಳ ನೀರನ್ನೂ ನೋಡಬೇಕು. ಆ ಕೆರೆಗಳು ಬೇರೆ ಊರಿನವು, ಬೇರೆ ಪಂಚಾಯಿತಿಯವು.

ಗಿಡ ನೆಟ್ಟರೆ ಸಾಲದಾ?

ಯುವಜನ, ಪರಿಸರ ಅಂದ ಕೂಡಲೇ ಎಲ್ಲರೂ ಮಾಡುವುದು ಜೂನ್ 5ರಂದು ಗಿಡ ನೆಡುವುದು. ಒಂದು ಗಿಡಕ್ಕೆ ಎಂಟು ಕೈ, ಒಂದು ಫೋಟೋ. ಗಿಡ ನೆಡುವುದು ತಪ್ಪಲ್ಲ. ಯಾವ ಗಿಡ, ಎಲ್ಲಿ ಅನ್ನುವುದು ಮುಖ್ಯ.

ಬಯಲುಸೀಮೆಯ ಹುಲ್ಲುಗಾವಲು ನೋಡಿದವರಿಗೆ ಖಾಲಿ ಜಾಗ ಅನ್ನಿಸುತ್ತದೆ. ಅದು ಖಾಲಿ ಅಲ್ಲ. ತುಮಕೂರು ಜಿಲ್ಲೆ ಮಧುಗಿರಿ ತಾಲೂಕಿನ ಜಯಮಂಗಲಿಯಲ್ಲಿ ಕೃಷ್ಣಮೃಗಗಳು ಬದುಕಿರುವುದೇ ಅಂಥ ಬಯಲಿನಲ್ಲಿ. ಕೃಷ್ಣಮೃಗ ದೂರದಿಂದ ಶತ್ರುವನ್ನು ಕಂಡು ಓಡುವ ಪ್ರಾಣಿ. ಅದಕ್ಕೆ ಕಣ್ಣು ಹಾಯುವಷ್ಟು ತೆರೆದ ನೆಲ ಬೇಕು. ಅಲ್ಲಿ ಒತ್ತಾಗಿ ನೀಲಗಿರಿ ನೆಟ್ಟರೆ ಹಸಿರು ಹೆಚ್ಚಾಗುತ್ತದೆ, ಕೃಷ್ಣಮೃಗದ ಮನೆ ಹೋಗುತ್ತದೆ. ಲಂಟಾನ, ಬಳ್ಳಾರಿ ಜಾಲಿ, ಪಾರ್ಥೇನಿಯಂ ಇವೆಲ್ಲ ಹೊರದೇಶದಿಂದ ಬಂದು ನಮ್ಮ ನೆಲ ಹಿಡಿದ ಗಿಡಗಳು. ಕೆಲವು ಕಡೆ ಹುಡುಗರ ಗುಂಪಿಗೆ ನೆಡುವುದಕ್ಕಿಂತ ಕೀಳುವ ಕೆಲಸವೇ ಜಾಸ್ತಿ ಇರುತ್ತದೆ.

ಇರುವ ಮರ ಉಳಿಸಿದ ಯುವಕರ ಕತೆ ನಮ್ಮಲ್ಲೇ ಇದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಿನ ಯುವಕರು, ಹೆಂಗಸರು ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಹಳೆಯ ತೋಪೊಂದನ್ನು ಉಳಿಸೋಕೆ ಈಗ ಕಾನೂನಿನ ದಾರಿಯೂ ಇದೆ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 54 ಎಕರೆ, ಸುಮಾರು 300 ಮರ. ಇದೇ ಜೀವವೈವಿಧ್ಯ ಕಾಯ್ದೆಯಡಿ 2007ರಲ್ಲಿ ಅದನ್ನು ಪಾರಂಪರಿಕ ತಾಣ ಎಂದು ಘೋಷಿಸಿದರು. ದೇಶದಲ್ಲೇ ಮೊದಲನೆಯದು.

ಯಾವುದನ್ನು ಫೋನಿಗೆ ಹಾಕಬಾರದು?

ನಾಟಿ ವೈದ್ಯರ ಹತ್ತಿರ ಹೋದಾಗ ಗಿಡದ ಹೆಸರು ಹೇಳುತ್ತಾರೆ, ಔಷಧಿ ಮಾಡುವ ಕ್ರಮ ಹೇಳುವುದಿಲ್ಲ. ಒತ್ತಾಯ ಮಾಡಬೇಡಿ. ಅದು ಅವರ ಹಕ್ಕು. ದಾಖಲೆಗೆ ಬರೆಯುವ ಮುಂಚೆ ಅವರನ್ನು ಕೇಳಬೇಕು, ಗುಟ್ಟಾಗಿ ಇಡಿ ಅಂದರೆ ಇಡಬೇಕು. ಅವರು ಹೇಳಿದ್ದನ್ನು ವಿಡಿಯೋ ಮಾಡಿ ರೀಲ್ಸ್ ಹಾಕಿದರೆ ದಾಖಲೆ ಬರೆದ ಉದ್ದೇಶವೇ ಹಾಳು.

ಪ್ರಾಣಿಗಳ ವಿಷಯದಲ್ಲೂ ಹುಷಾರಾಗಿರಬೇಕು. ಕಾಡುಪಾಪ, ನಕ್ಷತ್ರ ಆಮೆ, ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ ಹಾವು ಇವನ್ನು ಮಾಟ, ನಿಧಿ, ಅದೃಷ್ಟ ಅಂತ ಹಿಡಿದು ಮಾರುವವರಿದ್ದಾರೆ. ಕಾಡುಪಾಪ ಚೆನ್ನಾಗಿ ಉಳಿದಿರುವ ಒಂದು ಊರು ನನಗೂ ಗೊತ್ತು. ಈ ಕಾರಣಕ್ಕೇ ಹೆಸರು ಬರೆಯುತ್ತಿಲ್ಲ. ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳು ಅಪಾಯದಲ್ಲಿರುವ ಜೀವಿಗಳ ಜಾಗವನ್ನು ತಾವಾಗಿಯೇ ಮಸುಕು ಮಾಡುತ್ತವೆ. ವಾಟ್ಸಾಪ್ ಗ್ರೂಪಿಗೆ ಲೊಕೇಶನ್ ಕಳಿಸಿದರೆ ಅದನ್ನು ಮಸುಕು ಮಾಡುವವರು ಯಾರೂ ಇಲ್ಲ. ಫೋಟೋಗಾಗಿ ಗೂಡಿನ ಹತ್ತಿರ ಹೋಗುವುದಂತೂ ಬೇಡವೇ ಬೇಡ.

ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗುವುದು?

ಪಂಚಾಯಿತಿಗೆ. ಪಿಡಿಒ ಅವರನ್ನು ಎರಡು ಪ್ರಶ್ನೆ ಕೇಳಿ. ನಮ್ಮ ಜೀವವೈವಿಧ್ಯ ಸಮಿತಿಯಲ್ಲಿ ಯಾರಿದ್ದಾರೆ? ದಾಖಲೆಯನ್ನು ಒಮ್ಮೆ ನೋಡಬಹುದಾ? ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಬಹುದು. ಆದರೆ ಮೊದಲು ಸುಮ್ನೆ ಬಾಯಲ್ಲಿ ಕೇಳಿ, ಎಷ್ಟೋ ಕಡೆ ಅಷ್ಟಕ್ಕೇ ಬೀರು ತೆರೆಯುತ್ತದೆ.

ಹದಿನೆಂಟು ತುಂಬದವರಿಗೆ ಗ್ರಾಮ ಸಭೆಯಲ್ಲಿ ಓಟಿಲ್ಲ. ಆದರೆ ಕರ್ನಾಟಕದ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡಬೇಕು. ಅಲ್ಲಿ ಶೌಚಾಲಯ, ಬಸ್ಸು, ಆಟದ ಮೈದಾನದ ಪ್ರಶ್ನೆಗಳು ಬರುತ್ತವೆ. ಅದೇ ಮೈಕಿನಲ್ಲಿ "ನಮ್ಮ ಕಟ್ಟೆ ದಾಖಲೆಯಲ್ಲಿ ಯಾಕಿಲ್ಲ?" ಅಂತಲೂ ಕೇಳಬಹುದು. ಕೂತು ಬರೆಯೋಕೆ ಪಂಚಾಯಿತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಇದೆ.

ಇಡೀ ದಾಖಲೆಯನ್ನು ಒಂದೇ ಸಲ ತಿದ್ದೋಕೆ ಹೋದರೆ ಹುಡುಗರು ಎರಡನೇ ವಾರಕ್ಕೇ ಸುಸ್ತಾಗುತ್ತಾರೆ. ಒಂದು ಪುಟ ಹಿಡಿಯಿರಿ. ಮೀನು ಬೇಕಾದರೆ ಕೆರೆಗೆ ಬಲೆ ಹಾಕುವವರ ಜೊತೆ ಒಂದು ಬೆಳಿಗ್ಗೆ ಹೋಗಿ. ಮೇವಿನ ಹುಲ್ಲು ಬೇಕಾದರೆ ಕುರಿ ಕಾಯುವವರನ್ನು ಕೇಳಿ, ಅವರಷ್ಟು ಹುಲ್ಲು ಗೊತ್ತಿರುವವರು ಯಾರೂ ಇಲ್ಲ. ಬರೆದ ಪ್ರತಿ ಸಾಲಿನ ಮುಂದೆ ಯಾರು ಹೇಳಿದರು, ಯಾವ ತಾರೀಕು, ಯಾವ ಜಾಗ ಅಂತ ಹಾಕಿ. ಮುಗಿದ ಮೇಲೆ ಹೇಳಿದವರಿಗೇ ಒಮ್ಮೆ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಆಮೇಲೆ ಸಮಿತಿಗೆ ಕೊಡಿ. ದಾಖಲೆಗೆ ಸೇರಿಸುವುದು, ಬಿಡುವುದು ಸಮಿತಿಯ ಕೆಲಸ.

ಅಣ್ಣನ ಮಗಳ ಹದಿನಾಲ್ಕು ಸೊಪ್ಪಿನ ಪುಟವನ್ನು ನಮ್ಮಮ್ಮನಿಗೆ ಹೀಗೇ ಓದಿ ಹೇಳಿದಾಗ ಎರಡು ತಪ್ಪು ಸಿಕ್ಕವು. ಸಿಗದ ಆ ಹದಿನೈದನೇ ಸೊಪ್ಪನ್ನೂ ಬರಿ ಅಂದರು. ಫೋಟೋ ಇಲ್ಲವಲ್ಲ ಅಜ್ಜಿ ಅಂದಳು ಅವಳು. "ಇರಲಿ, ಹೆಸರು ಬರಿ. ಮುಂದಿನ ಮುಂಗಾರಿಗೆ ಮಾರಮ್ಮನ ಗುಡಿ ಹಿಂದೆ ನೋಡೋಣ. ಅಲ್ಲಿ ಯಾರೂ ಔಷಧಿ ಹೊಡೆಯಲ್ಲ."